ಐದು ಮನೆಯ ಆಟಿಕೆ ಚೀಲ

ಹೇಸಿಗೆ ಎಂದರೇನೆಂದು ಶೇವಂತೆವ್ವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹುಬ್ಬಳ್ಳಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಆಯಾ ಆಗಿ ದುಡಿದವಳು. ರಕ್ತ, ವಾಂತಿ, ಹಸುಗೂಸಿನ ಕಪ್ಪು ಮಲ, ಬಕೆಟ್ಟಿನಲ್ಲಿ ಮುದ್ದೆಯಾಗಿ ಬಿದ್ದ ಹತ್ತಿ, ಯಾವುದರ ಮೇಲೂ ಅವಳ ಕೈ ಹಿಂಜರಿದದ್ದಿಲ್ಲ. ಮೂಗಿಗೆ ಸೆರಗು ಹಚ್ಚಿಕೊಳ್ಳುವ ಹೊಸ ಹುಡುಗಿಯರನ್ನು ಕಂಡರೆ, "ಏ, ಸೆರಗ ಬಿಡ. ನೀನೂ ಹಿಂಗ ಹುಟ್ಟೀದಿ" ಎಂದು ಗದರುತ್ತಿದ್ದಳು. ತೊಳೆದರೆ ಹೋಗುವ ಹೊಲಸು ಅವಳ ಪಾಲಿಗೆ ಹೊಲಸೇ ಅಲ್ಲ.

ಅವಳಿಗೆ ಹೇಸಿಗೆ ಹುಟ್ಟಿಸುತ್ತಿದ್ದುದು ಬೇರೆ. ಬಾಣಂತಿ ಮನೆಗೆ ಹೊರಡುವ ದಿನ ಅವಳ ಕಡೆಯವರು ಖೋಲಿ ಖಾಲಿ ಮಾಡುತ್ತ, ಉಳಿದ ಅರ್ಧ ಬ್ರೆಡ್ಡು, ಮುಚ್ಚಳ ಮುರಿದ ಫ್ಲಾಸ್ಕು, ಕಲೆಬಿದ್ದ ದುಪ್ಪಟಿ ಎಲ್ಲವನ್ನೂ ಮಂಚದ ಮೇಲೆ ಗುಡ್ಡೆ ಹಾಕಿ, "ತಗೋ ಆಯಾ, ನಿಮ್ಮ ಹುಡುಗರಿಗೆ ಆಗ್ತದ" ಎನ್ನುತ್ತಿದ್ದರಲ್ಲ, ಆ ಮಾತು. ಹೇಗಿದ್ದರೂ ಒಗೆಯಬೇಕಾದ್ದನ್ನು ಕೊಟ್ಟು, ದಾನ ಮಾಡಿದವರ ಹಾಗೆ ಮುಖ ಅರಳಿಸಿಕೊಂಡು ನಿಲ್ಲುತ್ತಿದ್ದರು. ಅವರು ಹೋದ ಮೇಲೆ ಶೇವಂತೆವ್ವ ಆ ಗುಡ್ಡೆಯನ್ನು ಹಾಗೆಯೇ ಕಸದ ಡಬ್ಬಿಗೆ ಸುರಿಯುತ್ತಿದ್ದಳು.

ಆದರೂ ಒಂದೇ ಒಂದು ಸಲ ತೆಗೆದುಕೊಂಡಿದ್ದಳು. ಆಗ ಮಗಳು ಯಶೋಧರಾಗೆ ನಾಲ್ಕು ವರ್ಷ. ಗಂಡ ನೀಲಪ್ಪ ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕಾವಲುಗಾರ. ಎರಡು ಪಗಾರ ಸೇರಿದರೂ ಆಟಿಕೆಯ ಅಂಗಡಿಯ ಮುಂದೆ ಮಗಳ ಕೈ ಹಿಡಿದು ಲಗುಲಗು ನಡೆದುಬಿಡಬೇಕಾಗಿದ್ದ ಕಾಲ ಅದು. ಯಾರೋ ಒಬ್ಬ ಬಾಣಂತಿ ತನ್ನ ದೊಡ್ಡ ಮಗ ಆಡಿ ಬಿಟ್ಟ ಬಟ್ಟೆಯ ಕರಡಿಯನ್ನು ಕೊಟ್ಟಳು. ಯಶೋಧರಾ ಎರಡು ತಿಂಗಳು ಅದನ್ನು ಅವಚಿಕೊಂಡೇ ಮಲಗಿದಳು. ಒಂದು ದಿನ ಕರಡಿಯ ಹೊಟ್ಟೆಯ ಹೊಲಿಗೆ ಬಿಚ್ಚಿತು, ಒಳಗಿನಿಂದ ಹತ್ತಿಯ ಜೊತೆಗೆ ಇಲಿಯ ಹಿಕ್ಕೆ ಚಾಪೆಯ ಮೇಲೆ ಉದುರಿತು. ಎರಡು ತಿಂಗಳು ಮಗುವಿನ ಮುಖದ ಪಕ್ಕದಲ್ಲಿ ಅದೇ ಇತ್ತು. ಶೇವಂತೆವ್ವ ಕರಡಿಯನ್ನು ಓಣಿಯ ಕೊನೆಗೆ ಒಯ್ದು ಸುಟ್ಟಳು. ಇನ್ನೊಬ್ಬರು ಬೇಡವೆಂದು ಬಿಟ್ಟದ್ದು ನನ್ನ ಮಗಳ ಕೈಗಾಗಲಿ ಅವಳ ಹೊಟ್ಟೆಯಲ್ಲಿ ಹುಟ್ಟಿದವರ ಕೈಗಾಗಲಿ ಬರಕೂಡದು ಎಂದು ಅವತ್ತು ಮನಸ್ಸು ಗಟ್ಟಿ ಮಾಡಿಕೊಂಡಳು. ಹೊಸ ಆಟಿಕೆ ತರಲಾಗಲಿಲ್ಲ, ಅದು ಖರೆ. ಅಡುಗೆಮನೆಯ ಸೌಟು, ಸ್ಟೀಲಿನ ಮುಚ್ಚಳ, ಹುಣಸೆಬೀಜ ತುಂಬಿದ ಪೌಡರ್ ಡಬ್ಬಿ, ಇವುಗಳಲ್ಲೇ ಯಶೋಧರಾ ಬೆಳೆದಳು. ಬೆಳೆದು ಎಂ.ಎ. ಮಾಡಿ ಸರಕಾರಿ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಲೆಕ್ಚರರ್ ಆದಳು. ಹುಣಸೆಬೀಜದ ಡಬ್ಬಿಯಿಂದ ಅವಳಿಗೇನೂ ಕಡಿಮೆಯಾಗಲಿಲ್ಲ.

ಈಗ ಯಶೋಧರಾಗೆ ವಿದ್ಯಾನಗರದಲ್ಲಿ ಮೂರನೆಯ ಮಹಡಿಯ ಫ್ಲ್ಯಾಟು. ಗಂಡ ಯಲ್ಲೇಶ ಧಾರವಾಡದ ಕಚೇರಿಯಲ್ಲಿ ಗುಮಾಸ್ತ, ಮುಂಜಾನೆ ಎಂಟಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮರಳುವವ. ನೀಲಪ್ಪ ತೀರಿಕೊಂಡ ಮೇಲೆ ಶೇವಂತೆವ್ವ ಮಗಳ ಮನೆಗೇ ಬಂದಳು. ಎರಡೂವರೆ ವರ್ಷದ ಮೊಮ್ಮಗಳು ಮುದಿತಾಳನ್ನು ಹಗಲೆಲ್ಲ ನೋಡಿಕೊಳ್ಳುವುದು ಅವಳ ಕೆಲಸ. ಅದು ಕೆಲಸವೆಂದು ಅವಳಿಗೆ ಅನ್ನಿಸಿದ್ದೇ ಇಲ್ಲ.

ಚೀಲದ ಮಾತು ತಂದವಳು ಮೊದಲನೆಯ ಮಹಡಿಯ ಶಾಂಭವಿ. ಒಂದು ಸಂಜೆ ತನ್ನ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಬಾಗಿಲಲ್ಲೇ ನಿಂತು ನಡುಮನೆಯ ಗೋಡೆಯ ಮೇಲಿನ ಬುದ್ಧನ ಚಿತ್ರವನ್ನೂ ಪಕ್ಕದ ಬಾಬಾಸಾಹೇಬರ ಫೋಟೋವನ್ನೂ ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದಳು. ಆಮೇಲೆ, "ಛಲೋ ಗಾಳಿ ಬರ್ತದರಿ ನಿಮ್ಮ ಮನಿಗೆ" ಎಂದಳು. ಕುಳಿತುಕೊಳ್ಳಲಿಲ್ಲ. ಯಶೋಧರಾ ಚಹಾ ಎಂದಾಗ, "ಈಗರೆ ಕುಡದು ಬಂದೀನ್ರಿ" ಎಂದಳು.

ಅವಳು ಹೇಳಿದ್ದಿಷ್ಟು. ಈ ಅಪಾರ್ಟ್‌ಮೆಂಟಿನಲ್ಲಿ ಸಣ್ಣ ಮಕ್ಕಳಿರುವ ಮನೆಗಳು ಐದು. ಎಲ್ಲರೂ ಸಾವಿರ ಎರಡು ಸಾವಿರ ಸುರಿದು ಆಟಿಕೆ ತರುತ್ತಾರೆ, ಮಗು ನಾಲ್ಕು ದಿನ ಆಡಿ ಮೂಲೆಗೆ ಒಗೆಯುತ್ತದೆ. ಅದರ ಬದಲು ಪ್ರತಿ ಮನೆಯವರೂ ಮೂರು ಒಳ್ಳೆಯ ಆಟಿಕೆ ಕೊಡಲಿ. ಹದಿನೈದನ್ನೂ ಒಂದು ದೊಡ್ಡ ಚೀಲಕ್ಕೆ ಹಾಕಿ ವಾರಕ್ಕೊಂದು ಮನೆಯಂತೆ ತಿರುಗಿಸೋಣ. ಮಕ್ಕಳಿಗೆ ಆಟಿಕೆ ಹೊಸದೆನ್ನಿಸುತ್ತದೆ, ತಂದೆತಾಯಿಗೆ ರೊಕ್ಕ ಉಳಿಯುತ್ತದೆ.

ಅರ್ಥಶಾಸ್ತ್ರ ಕಲಿಸುವ ಯಶೋಧರಾಗೆ ಇದು ಎಷ್ಟು ಹಿಡಿಸಿತೆಂದರೆ, ಶಾಂಭವಿ ಮೆಟ್ಟಿಲು ಇಳಿಯುವ ಮೊದಲೇ ಮೂರು ಆಟಿಕೆ ಆರಿಸತೊಡಗಿದ್ದಳು. ಶೇವಂತೆವ್ವನ ಮುಖ ಮಾತ್ರ ಹುಳ್ಳಗಾಯಿತು.

"ಮಂದಿ ಹುಡುಗುರು ಆಡಿ ಬಿಟ್ಟಿದ್ದ ನನ್ನ ಮೊಮ್ಮಗಳಿಗೆ ಬ್ಯಾಡ" ಎಂದಳು.

"ಯವ್ವಾ, ಬಿಟ್ಟಿದ್ದಲ್ಲ ಅದು. ಯಾರೂ ಯಾರಿಗೂ ದಾನ ಮಾಡಾಕತ್ತಿಲ್ಲ. ಅವರದೂ ಮೂರು, ನಮ್ಮದೂ ಮೂರು. ನಮ್ಮ ಮುದಿತಾ ಅವರ ಆಟಿಗಿ ಆಡ್ತಾಳ, ಅವರ ಹುಡುಗುರು ನಮ್ಮ ಆಟಿಗಿ ಆಡ್ತಾವ. ಸರೀ ಸರೀ."

"ಅವರ ಹುಡುಗುರು ನಮ್ಮ ಆಟಿಗಿ ಮುಟ್ಟತಾವು?"

"ಮುಟ್ಟದ ಏನ ಮಾಡ್ತಾವ? ಈಗಿನ ಕಾಲದಾಗ ಅಂಥಾದ್ದೆಲ್ಲ ಯಾರ ನೋಡ್ತಾರವಾ? ಎಲ್ಲಾರೂ ಓದಿದವರು."

ಸರೀ ಸರೀ ಎಂಬ ಮಾತು ಶೇವಂತೆವ್ವನ ತಲೆಯಲ್ಲಿ ಎರಡು ದಿನ ಉಳಿಯಿತು. ಕೊಡುವ ಮನೆ, ತೆಗೆದುಕೊಳ್ಳುವ ಮನೆ ಎಂಬ ಭೇದವಿಲ್ಲದೆ ಒಂದು ಚೀಲ ಐದು ಹೊಸ್ತಿಲು ದಾಟುವುದಾದರೆ ತಾನು ಅಡ್ಡ ಬರುವುದೇಕೆ ಎಂದುಕೊಂಡಳು. ಯಶೋಧರಾ ಮೂರೂ ಆಟಿಕೆಗಳನ್ನು ಹೊಸದಾಗಿ ಕೊಂಡುಕೊಟ್ಟಳು. ಉಳಿತಾಯಕ್ಕೆಂದು ಹೊರಟು ಮೊದಲೇ ಹದಿನೆಂಟು ನೂರು ಖರ್ಚು ಮಾಡಿದ ಆ ಜಾಣೆಯನ್ನು ನೋಡಿ ಯಲ್ಲೇಶ ನಕ್ಕ. ನಮ್ಮವು ಹಳೆಯವು ಅಂತ ಯಾರೂ ಅನ್ನಬಾರದಲ್ಲ ಎಂಬ ಅಳುಕು ಅವಳಿಗಿತ್ತು. ಆ ಅಳುಕು ನಕ್ಕ ಗಂಡನಿಗೂ ಗೊತ್ತಿತ್ತು.

ಸರದಿ ಮಾಡಿದವಳು ಶಾಂಭವಿಯೇ. ಮೊದಲು ಅವಳ ಮನೆ. ಆಮೇಲೆ ಎರಡನೆಯ ಮಹಡಿಯ ಬ್ಯಾಂಕಿನಾಕೆ, ಅವಳ ಎದುರಿನ ಡಾಕ್ಟರ ಹೆಂಡತಿ, ನೆಲಮಹಡಿಯ ಸೀರೆ ಅಂಗಡಿಯವರ ಸೊಸೆ, ಕೊನೆಗೆ ಯಶೋಧರಾ. ಹೀಗೆ ಕೆಂಪು ಚೀಲ ನಾಲ್ಕು ವಾರ ತಿರುಗಿ ಐದನೆಯ ಸೋಮವಾರ ಮೂರನೆಯ ಮಹಡಿಗೆ ಬಂತು.

ಥೂ! ಚೀಲದ ಬಾಯಿ ಬಿಚ್ಚಿದ ಶೇವಂತೆವ್ವನಿಗೆ ಬಂದ ಮೊದಲ ಮಾತು ಅದು. ಗುಂಡಿ ಒತ್ತಿದರೆ ಹಾಡುವ ಪಿಯಾನೋದ ಸಂದುಗಳಲ್ಲಿ ಹಾಲಿನಲ್ಲಿ ನೆನೆದ ಬಿಸ್ಕಿಟು ಒಣಗಿ ಗಾರೆಯಾಗಿತ್ತು. ಮಗು ಕಚ್ಚಲೆಂದು ಕೊಡುವ ರಬ್ಬರಿನ ಬಳೆಗೆ ಜೊಲ್ಲು ಅಂಟಂಟಾಗಿ, ಅದರ ಮೇಲೆ ನೆಲದ ಧೂಳು ಮೆತ್ತಿಕೊಂಡಿತ್ತು. ಕಾರಿನ ಗಾಲಿಗೆ ಯಾರದೋ ಉದ್ದನೆಯ ಕೂದಲು ಸುತ್ತಿತ್ತು. ಒಂದರ ಮೇಲೊಂದು ಜೋಡಿಸುವ ಬಟ್ಟಲುಗಳ ಒಳಗೆ ಮೂಗಿನಿಂದ ಬಂದದ್ದೋ ಬಾಯಿಂದ ಬಂದದ್ದೋ ಏನೋ ಹಸಿರಾಗಿ ಒಣಗಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಮಾರ್ಬಲ್ಲು, ಬಾಗಿಲಿಗೆ ತೋರಣ, ಮೈಮೇಲೆ ಬಂಗಾರ, ಮಕ್ಕಳ ಆಟಿಕೆ ನೋಡಿದರೆ ಗಟಾರು. ನಾಲ್ಕು ಮನೆಗಳಲ್ಲಿ ಒಂದರಲ್ಲೂ ಒಂದು ಹಸಿ ಅರಿವೆಯಿಂದ ಒರೆಸುವ ಕೈ ಇರಲಿಲ್ಲ.

ಶೇವಂತೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಸ್ಪತ್ರೆಯ ಕೈ ಅದು. ಮೊದಲು ಸೋಪಿನ ನೀರಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಬ್ರಷ್ಷಿನಿಂದ ಸಂದುಸಂದನ್ನೂ ತಿಕ್ಕಿ, ಬಾಯಿಗೆ ಹಾಕುವಂಥದ್ದನ್ನು ಬೇರೆ ಪಾತ್ರೆಯಲ್ಲಿ ಬಿಸಿನೀರಿಗೆ ಹಾಕಿ, ಬ್ಯಾಟರಿ ಇದ್ದವನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ, ತಾರಸಿಯ ಬಿಸಿಲಿಗೆ ಬಿಳಿ ಅರಿವೆ ಹಾಸಿ ಸಾಲಾಗಿ ಒಣಗಿಸಿದಳು. ಎಲ್ಲ ಸೇರಿ ಅರ್ಧ ದಿನ ಹಿಡಿಯಿತು. ಆಮೇಲೆಯೇ ಮುದಿತಾಳ ಕೈಗೆ ಕೊಟ್ಟಳು. ವಾರ ಮುಗಿದ ಮೇಲೆ ಮೊಮ್ಮಗಳ ಜೊಲ್ಲೂ ಉಳಿಯದಂತೆ ಮತ್ತೊಮ್ಮೆ ತೊಳೆದು ಚೀಲವನ್ನು ಶಾಂಭವಿಗೆ ಮುಟ್ಟಿಸಿದಳು.

ಶಾಂಭವಿ ಚೀಲದೊಳಗೆ ಇಣುಕಿ ಕಣ್ಣರಳಿಸಿದಳು. "ಅಯ್ಯ ಅಜ್ಜೀ, ಹೊಸಾವ ಕಾಣ್ತಾವಲ್ರೀ! ನಿಮ್ಮಂಗ ತೊಳಿಯಾಕ ಯಾರಿಗೂ ಬರಂಗಿಲ್ಲ ಬಿಡ್ರಿ. ನಿಮ್ಮ ಮನಿನ ಕಡೀಕ ಇರ್ಲಿ. ನೀವು ತೊಳದ ಕೊಟ್ರ ಮುಂದಿನ ಸುತ್ತು ಸ್ವಚ್ಛ ಶುರು ಆಗ್ತದ."

ಆ ಹೊಗಳಿಕೆಗೆ ಶೇವಂತೆವ್ವ ಉಬ್ಬಿಹೋದಳು. ಮೂವತ್ತೊಂದು ವರ್ಷ ತೊಳೆದವಳಿಗೆ, ಛಲೋ ತೊಳೀತಿ ಎಂದು ಹೇಳಿದವರೇ ಇರಲಿಲ್ಲ. ಹೇಳಿದ ಕೂಡಲೇ ಎದೆ ಅರಳಿತು, ಬುದ್ಧಿ ಮಂಕಾಯಿತು. ನಾಲ್ಕು ಮನೆಯ ಹೊಲಸನ್ನು ಪುಕ್ಕಟೆ ತೊಳೆಯಲು ತನ್ನನ್ನು ನೇಮಿಸಿಕೊಂಡರೆಂದು ಅವಳಿಗೆ ಹೊಳೆಯಲಿಲ್ಲ. ಮನೆಗೆ ಬಂದು ಮಗಳ ಮುಂದೆ, "ನಾ ತೊಳದ್ರ ಹೊಸಾವಾಗ್ತಾವಂತ" ಎಂದು ಎರಡೆರಡು ಸಲ ಹೇಳಿಕೊಂಡಳು.

ಎರಡನೆಯ ಸುತ್ತು ಬಂತು. ಅದೇ ಬಿಸ್ಕಿಟು, ಅದೇ ಜೊಲ್ಲು, ಜೊತೆಗೆ ಇನ್ನೊಂದು ಹೊಸ ಕಾಟ. ಬಿಳಿ ಆಟಿಕೆಗಳೆಲ್ಲ ಹಳದಿಯಾಗಿದ್ದವು. ಮರದ ಬಾತುಕೋಳಿಯ ಕೊರಳ ಸುತ್ತ, ಗೊಂಬೆಯ ಬಟ್ಟೆಯ ಅಂಚಿಗೆ, ಬಟ್ಟಲುಗಳ ತಳಕ್ಕೆ ಮಾಸಲು ಹಳದಿ ಕಲೆ. ಸಾರನ್ನ ಉಣ್ಣುವ ಕೈಯಲ್ಲೇ ಆಟಿಕೆ ಕೊಡುತ್ತಾರೆ ಈ ಹೊಲಸು ತಾಯಂದಿರು ಎಂದು ಬೈದುಕೊಂಡೇ ತಿಕ್ಕಿದಳು. ಅರಿಶಿಣದ ಕಲೆ ಸೋಪಿಗೆ ಬಗ್ಗುವುದಿಲ್ಲ, ಬಿಸಿಲಿಗೆ ಬಗ್ಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎರಡು ದಿನ ಬಿಸಿಲಿಗಿಟ್ಟು ಬಿಳಿ ಮಾಡಿದಳು. ಮೂರನೆಯ ಸುತ್ತಿನಲ್ಲೂ ಅದೇ ಹಳದಿ. ಮತ್ತೆ ತಿಕ್ಕಿದಳು, ಮತ್ತೆ ಬಿಸಿಲಿಗಿಟ್ಟಳು.

ಮುದಿತಾಗೆ ಇಡೀ ಚೀಲದಲ್ಲಿ ಬೇಕಾದದ್ದು ಆ ಬಾತುಕೋಳಿಯೊಂದೇ. ದಾರ ಹಿಡಿದು ಎಳೆದರೆ ಗಾಲಿಯ ಮೇಲೆ ಟಕಟಕ ಎನ್ನುತ್ತ ತಲೆಯಾಡಿಸಿಕೊಂಡು ಹಿಂದೆ ಬರುವ ಅದು ಶಾಂಭವಿ ಹಾಕಿದ ಆಟಿಕೆ. ಮುದಿತಾ ಅದಕ್ಕೆ ಅನ್ನ ತಿನ್ನಿಸುತ್ತಿದ್ದಳು, ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದಳು, ಅದರ ಕೊಕ್ಕನ್ನು ಬಾಯಿಗಿಟ್ಟುಕೊಂಡು ಚೀಪುತ್ತಿದ್ದಳು. ಚೀಲ ಹೋದ ನಾಲ್ಕು ವಾರವೂ, "ಬಾತು ಯಾವಾಗ ಬತ್ತದ?" ಎಂದು ಕೇಳುತ್ತಿದ್ದಳು.

ಮೂರನೆಯ ಸುತ್ತಿನ ಚೀಲ ಕೊಟ್ಟ ದಿನ ತಾರಸಿಯ ಮೇಲೆ ಒಂದು ಬಟ್ಟಲು ಉಳಿದುಬಿಟ್ಟಿತ್ತು. ಮಧ್ಯಾಹ್ನ ಅದನ್ನು ಕಂಡ ಶೇವಂತೆವ್ವ ಶಾಂಭವಿಯ ಮನೆಗೆ ಕೊಡಲೆಂದು ಇಳಿದಳು. ಬಾಗಿಲು ಹಾಕಿತ್ತು. ಕಟ್ಟಡದ ಹಿಂದಿನ ನಳದ ಹತ್ತಿರ ನೀರಿನ ಸಪ್ಪಳ ಕೇಳಿ ಅತ್ತ ಹೋದಳು. ಶಾಂಭವಿಯ ಮನೆಯಲ್ಲಿ ಕೆಲಸ ಮಾಡುವ ಶಿವಲಿಂಗವ್ವ ಕುಕ್ಕರಗಾಲಲ್ಲಿ ಕುಳಿತಿದ್ದಳು. ಮುಂದೆ ಒಂದು ಬಕೆಟ್ಟು, ಬಕೆಟ್ಟಿನ ತುಂಬ ಹಳದಿ ನೀರು. ಅದರಲ್ಲಿ ಗೊಂಬೆ, ಕಾರು, ಬಾತುಕೋಳಿ ತೇಲುತ್ತಿದ್ದವು.

"ಶಿವಲಿಂಗವ್ವಾ, ಅವನ್ಯಾಕ ಮತ್ತ ತೊಳ್ಯಾಕತ್ತಿ? ಮುಂಜಾನೆರೆ ತೊಳದು ಕೊಟ್ಟೇನಲ್ಲ ನಾ."

ಶಿವಲಿಂಗವ್ವ ಬೆಚ್ಚಿ ತಿರುಗಿದಳು. "ನನಗೂ ಕಾಣತೈತಿಬೇ. ಎಷ್ಟ ಸ್ವಚ್ಛ ಅದಾವ. ಆದ್ರ ಬಾಯಾರು ಹೇಳ್ಯಾರ."

"ಏನಂತ?"

ಅವಳು ಬಕೆಟ್ಟಿನೊಳಗೆ ನೋಡುತ್ತ ಹೇಳಿದಳು. "ನಿಮ್ಮನಿಯಿಂದ ಬಂದ ಮ್ಯಾಲೆ ಅರಿಶಿಣ ನೀರಾಗ ಅದ್ದಿ ತಗೀಬೇಕಂತ. ಅಂದ್ರನ ಒಳಗ ತಗೋತಾರ."

"ಉಳದ ಮೂರು ಮನಿಯಿಂದ ಬಂದ್ರ?"

"ಅವು ಎಲ್ಲಿ ನೀರ ಕಾಣ್ತಾವಬೇ? ಇವರ ಮನಿಯಿಂದ ಅವರ ಮನಿಗೆ ಹಂಗ ಹೋಗ್ತಾವ. ನಿಮ್ಮನಿ ಕಡೀದು ಮಾಡ್ಯಾರಲ್ಲ, ಅದಕ್ಕ ಒಂದ ಸಲ ಅದ್ದಿದ್ರ ಆತು."

"ಮೊದಲನೇ ಸಲದಿಂದನೂ?"

"ಹೂಂ. ಉಳದವರೂ ಕೇಳ್ತಾರ, ಅದ್ದಿಸೀರಿಲ್ಲೋ ಅಂತ. ಯಕ್ಕಾ, ನನ್ನ ಹೆಸರ ತಗೀಬ್ಯಾಡ. ಹೊಟ್ಟಿಪಾಡು ನಂದು."

ಶೇವಂತೆವ್ವ ಬಟ್ಟಲನ್ನು ನಳದ ಕಟ್ಟೆಯ ಮೇಲಿಟ್ಟು ಮೆಟ್ಟಿಲು ಹತ್ತಿದಳು. ಎರಡನೆಯ ಮಹಡಿಯಲ್ಲಿ ನಿಂತು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಆ ಮನೆಗಳ ಸಿಂಬಳ, ಜೊಲ್ಲು, ಕೂದಲು ಎಲ್ಲ ತನ್ನ ಉಗುರುಸಂದಿಗೆ ಹೋಗಿದೆ. ಅವರಿಗೆ ಅದು ಹೊಲಸಲ್ಲ. ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ್ದು ಹೊಲಸು, ಯಾಕೆಂದರೆ ತನ್ನ ಮೊಮ್ಮಗಳು ಮುಟ್ಟಿದ್ದಾಳೆ. ಎರಡೂವರೆ ವರ್ಷದ ಕೂಸು! ಮೇಲಾಗಿ ಆ ಅರಿಶಿಣದ ಕಲೆಯನ್ನು ಕೈ ನೋಯುವಂತೆ ತಿಕ್ಕಿ ತೆಗೆದವಳೂ ತಾನೇ. ಮತ್ತೆ ಬಿಳಿ ಮಾಡಿಕೊಟ್ಟಿದ್ದು ಮತ್ತೆ ಹಳದಿ ಮಾಡಲೆಂದು. ನಿಮ್ಮಂಗ ತೊಳಿಯಾಕ ಯಾರಿಗೂ ಬರಂಗಿಲ್ಲ ಎಂದ ಆ ನಗುಮುಖ ನೆನಪಾಗಿ, ಅದನ್ನು ನಂಬಿ ಹಿಗ್ಗಿದ ತನ್ನ ಮೇಲೇ ಅವಳಿಗೆ ಅಸಹ್ಯ ಹುಟ್ಟಿತು.

ಸಂಜೆ ಮಗಳಿಗೆ ಹೇಳಿದಳು. ಯಶೋಧರಾ ನಂಬಲಿಲ್ಲ. ನಂಬಲು ಮನಸ್ಸು ಮಾಡಲಿಲ್ಲ ಎನ್ನುವುದೇ ಸರಿ.

"ಇನ್‌ಫೆಕ್ಷನ್ ಅಂಜಿಕಿ ಇರಬೇಕವಾ. ಅರಿಶಿಣ ಔಷಧಿ ಅಲ್ಲೇನು?"

"ಮಂದಿ ಮನಿ ಸಿಂಬಳಕ್ಕ ಬ್ಯಾಡಾದ ಔಷಧಿ ನಮ್ಮ ಕೂಸಿನ ಕೈಗೆ ಯಾಕ ಬೇಕಾತು?"

"ನೀ ಎಲ್ಲಾದ್ರಾಗೂ ಅದನ್ನ ಹುಡುಕ್ತಿ."

"ನಾ ಹುಡುಕಂಗಿಲ್ಲವಾ. ಅದ ನನ್ನ ಹುಡುಕ್ಕೊಂಡ ಬರತೈತಿ."

ಯಶೋಧರಾ ಉತ್ತರ ಪತ್ರಿಕೆಗಳ ಕಟ್ಟು ತೆಗೆದುಕೊಂಡು ಕುಳಿತಳು. ಶೇವಂತೆವ್ವ ಹೆಚ್ಚು ಎಳೆಯಲಿಲ್ಲ. ಓದಿಸಿದ್ದೇ ಮಗಳಿಗೆ ಇಂಥದ್ದು ಕಾಣದಿರಲಿ ಎಂದು. ಕಾಣಲಿಲ್ಲವೆಂದು ಬೈಯುವುದು ಹೇಗೆ?

ನಾಲ್ಕು ವಾರದ ಮೇಲೆ ಚೀಲ ಮತ್ತೆ ಬಂತು. ಈ ಸಲ ಶೇವಂತೆವ್ವ ಬಕೆಟ್ಟು ಮುಟ್ಟಲಿಲ್ಲ. ಬಾತುಕೋಳಿಯನ್ನು ತೆಗೆದು ಕಾಲೇಜಿನಿಂದ ಬಂದ ಮಗಳ ಮುಂದೆ ಹಿಡಿದಳು. ಕೊರಳ ಸುತ್ತ ಹಳದಿ.

"ಈ ಹಳದಿ ಬಾತಿಗೂ ಐತಿ, ಗೊಂಬಿಗೂ ಐತಿ, ಬ್ಯಾಂಕಿನಾಕಿ ಕಾರಿಗೂ ಐತಿ. ಎಲ್ಲಾದ್ರ ಮ್ಯಾಲೂ ಸಾರ ಚೆಲ್ಲತೈತೇನ? ನಿನಗ ನಾ ಹೇಳಿದ್ದ ಖರೆ ಅನಸಲಿಲ್ಲಂದ್ರ ಒಂದ ಕೆಲಸ ಮಾಡು. ಮುಂದಿನ ಸುತ್ತು ನಮ್ಮ ಮನಿಯಿಂದ ಶುರು ಮಾಡೂಣ, ಇಲ್ಲಿಂದ ಸೀದಾ ಎರಡನೇ ಮಹಡಿಗೆ ಹೋಗಲಿ ಅಂತ ನಿಮ್ಮ ಗುಂಪಿನ್ಯಾಗ ಕೇಳು. ನಡುವ ಶಾಂಭವಿ ಬಕೆಟ್ಟ ಇರಂಗಿಲ್ಲ, ಏನ ಅಂತಾರ ನೋಡೂಣು."

ಯಶೋಧರಾ ಫೋನು ತೆಗೆದು ತಾಯಂದಿರ ವಾಟ್ಸ್ಆ್ಯಪ್ ಗುಂಪಿಗೆ ಅಷ್ಟನ್ನೇ ಬರೆದಳು, ನಗುಮುಖದ ಒಂದು ಚಿತ್ರವನ್ನೂ ಹಾಕಿದಳು. ಹತ್ತು ನಿಮಿಷದಲ್ಲಿ ನಾಲ್ವರೂ ಓದಿದ್ದಾರೆಂದು ಫೋನು ತೋರಿಸಿತು. ದಿನವೂ ಮಗುವಿನ ಶೀತ, ಕೆಮ್ಮು, ಹಲ್ಲು ಎಂದು ಗಂಟೆಗಟ್ಟಲೆ ಹರಟುವ ಗುಂಪು ಒಂದಿಡೀ ರಾತ್ರಿ ಮೂಕವಾಗಿತ್ತು. ಮರುದಿನ ಮಧ್ಯಾಹ್ನ ಶಾಂಭವಿ ಬರೆದಳು: "ಎಲ್ಲರಿಗೂ ನಮಸ್ಕಾರ. ಮಕ್ಕಳು ದೊಡ್ಡವರಾಗುತ್ತಿದ್ದಾರೆ, ಪ್ಲೇಸ್ಕೂಲ್ ಶುರುವಾಗುತ್ತದೆ. ನಮ್ಮ ಈ ಪುಟ್ಟ ಪ್ರಯೋಗವನ್ನು ಇಲ್ಲಿಗೆ ಮುಗಿಸೋಣ. ಚೀಲ ಈಗ ಯಶೋಧರಾ ಮೇಡಂ ಹತ್ತಿರ ಇದೆ, ಅವರೇ ಇಟ್ಟುಕೊಳ್ಳಲಿ. ಅವರ ಮಗಳಿಗೆ ಆಗುತ್ತದೆ." ಎರಡು ನಿಮಿಷದೊಳಗೆ ಉಳಿದ ಮೂವರೂ ಹೆಬ್ಬೆರಳು ಎತ್ತಿದರು.

ಕೊತ್ತಂಬರಿ ಮಾರುವವಳ ಹತ್ತಿರ ಎರಡು ರೂಪಾಯಿಗೆ ಕಾಲು ಗಂಟೆ ಜಗಳಾಡುವ ಹೆಂಗಸರು ಇವರು. ರೊಕ್ಕ ಉಳಿಸಲೆಂದೇ ಈ ಚೀಲ ಹೊಲಿಸಿದವರು. ಎಂಟು ಸಾವಿರದ ಆಟಿಕೆಯನ್ನು ಕಣ್ಣು ಮಿಟುಕಿಸದೆ ಬಿಟ್ಟುಕೊಟ್ಟರು. ಹೇಸಿಗೆಯ ಮುಂದೆ ಉಳಿತಾಯ ನಿಲ್ಲುವುದಿಲ್ಲ ಎಂಬ ಪಾಠ ಯಶೋಧರಾಳ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವಳು ಆ ಸಾಲುಗಳನ್ನು ಮೂರು ಸಲ ಓದಿ ಫೋನನ್ನು ಸೋಫಾದ ಮೇಲೆ ಒಗೆದಳು. ಅವಳ ಕಿವಿಯವರೆಗೂ ಕೆಂಪೇರಿತ್ತು.

"ಬಾಯಿ ಬಿಟ್ಟು ಹೇಳಿದ್ರ ಜಗಳ ಆಡಬಹುದಿತ್ತವಾ. ಇದಕ್ಕೇನ ಮಾಡೂದು?" ಎಂದಳು.

ಒಂದು ವಾರದೊಳಗೆ, ಮುದಿತಾಳನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುತ್ತಿದ್ದ ಶೇವಂತೆವ್ವ, ಸೀರೆ ಅಂಗಡಿಯವರ ಸೊಸೆ ನೀಲಿ ಬಣ್ಣದ ಹೊಸ ಚೀಲವೊಂದನ್ನು ಹೊತ್ತು ಎರಡನೆಯ ಮಹಡಿಗೆ ಏರುವುದನ್ನು ಕಂಡಳು. ಮುದಿತಾಳನ್ನು ನೋಡಿದ ಕೂಡಲೇ ಆ ಹೆಂಗಸು ಚೀಲವನ್ನು ಆಚೆ ಮಗ್ಗುಲಿಗೆ ಮರೆಮಾಡಿಕೊಂಡಳು. ಚೀಲದ ಬಾಯಿಂದ ರೈಲಿನ ಮೂತಿ ಹೊರಗೆ ಕಾಣುತ್ತಿತ್ತು. ಪ್ರಯೋಗ ಮುಗಿದಿರಲಿಲ್ಲ. ಐದು ಮನೆ ಇದ್ದದ್ದು ನಾಲ್ಕಾಗಿತ್ತು, ಅಷ್ಟೆ.

ಇದನ್ನು ಕೇಳಿದ ಯಶೋಧರಾ ಎದ್ದು ಕೆಂಪು ಚೀಲವನ್ನು ಬಾಗಿಲ ಹತ್ತಿರ ಎಳೆದು ತಂದಳು. "ನಾಳೆ ಕಸದ ಗಾಡಿ ಬಂದಾಗ ಹಾಕ್ತೇನಿ. ಇವನ್ನ ನೋಡಿದ್ರ ಮೈ ಉರಿತೈತಿ."

"ಒಗೀಬ್ಯಾಡ" ಎಂದಳು ಶೇವಂತೆವ್ವ. "ಒಗದ್ರ ತಗೊಂಡಂಗಾಕ್ಕೈತಿ. ಒಗಿಯಾಕ ಅವೇನ ನಮ್ಮವ? ಅವರು ಬ್ಯಾಡಂತ ಬಿಟ್ಟಿದ್ದು. ಅವರ ಕೈಗೆ ಹೋಗಬೇಕು."

"ಬಾತು ಕೊಟ್ರ ಮುದಿತಾ ಸುಮ್ನಿರ್ತಾಳೇನ?"

"ಅಳತಾಳ. ಅಳಲಿ."

ಭಾನುವಾರ ಮುಂಜಾನೆ, ಎಲ್ಲರೂ ಮನೆಯಲ್ಲಿರುವ ಹೊತ್ತು ನೋಡಿ, ಶೇವಂತೆವ್ವ ಒಗೆದ ಇಳಕಲ್ಲು ಸೀರೆ ಉಟ್ಟಳು. ತಮ್ಮ ಮೂರು ಆಟಿಕೆಗಳನ್ನು ತೆಗೆದಿಟ್ಟುಕೊಂಡಳು. ಮುದಿತಾ ಬಾತುಕೋಳಿಯ ಕೊಕ್ಕನ್ನು ಚೀಪುತ್ತ ಕುಳಿತಿದ್ದಳು. ಅದನ್ನು ಅವಳ ಕೈಯಿಂದ ಬಿಡಿಸಿಕೊಂಡಾಗ ಕೂಸು ಮೊದಲು ನಕ್ಕಿತು, ಅಜ್ಜಿ ಆಟವಾಡಿಸುತ್ತಾಳೆ ಎಂದುಕೊಂಡು. ಬಾಗಿಲು ದಾಟಿದ ಮೇಲೆ ಚೀರಿತು.

ಡಾಕ್ಟರ ಹೆಂಡತಿ ಬಾಗಿಲು ಅರ್ಧ ತೆರೆದು, "ಯಾಕ್ರೀ ಅಜ್ಜಿ, ಇಟ್ಕೋರಿ ಅಂದಿದ್ವಲ್ಲ" ಎಂದಳು. "ನಿಮ್ಮವ ನಿಮಗ" ಎಂದು ಶೇವಂತೆವ್ವ ಅವಳ ಮೂರನ್ನೂ ಎಣಿಸಿ ಕೈಯಲ್ಲಿಟ್ಟಳು. ಬ್ಯಾಂಕಿನಾಕೆ ನೆಲ ನೋಡುತ್ತ ಇಸಿದುಕೊಂಡಳು. ನೆಲಮಹಡಿಯ ಮನೆಯಲ್ಲಿ ಗಂಡ ಬಾಗಿಲು ತೆರೆದ. ಅವನಿಗೆ ಏನೂ ಗೊತ್ತಿರಲಿಲ್ಲ, "ಥ್ಯಾಂಕ್ಸ್ ರೀ" ಎಂದ.

ಶಾಂಭವಿ ಕೊನೆ. ಬಾಗಿಲು ತೆರೆದವಳು ನಗುತ್ತಲೇ ಇದ್ದಳು. "ಅಯ್ಯ ಅಜ್ಜೀ, ಇಷ್ಟ್ಯಾಕ ತ್ರಾಸ ತಗೊಂಡ್ರಿ? ಅಲ್ಲೇ ಕೆಳಗ ಇಟ್ಟಬಿಡ್ರಿ."

ಕೆಳಗೆ ಇಡು. ಹುಟ್ಟೂರು ಅಮ್ಮಿನಬಾವಿಯಲ್ಲಿ ಅಂಗಡಿಯ ಕಟ್ಟೆಯ ಮೇಲೆ ದುಡ್ಡು ಇಟ್ಟು ಹಿಂದೆ ಸರಿದು ನಿಲ್ಲುತ್ತಿದ್ದ ತನ್ನ ತಾಯಿಗೆ ಅಂಗಡಿಯವ ಹೇಳುತ್ತಿದ್ದ ಮಾತು ಅದು. ಶೇವಂತೆವ್ವ ಬಗ್ಗಲಿಲ್ಲ. ಎರಡು ಆಟಿಕೆಗಳನ್ನು ಕಂಕುಳಲ್ಲಿ ಹಿಡಿದು ಬಾತುಕೋಳಿಯನ್ನು ಮುಂದೆ ಚಾಚಿದಳು.

"ಕೆಳಗ ಇಡಂಗಿಲ್ಲವಾ. ಕೈಯಾಗ ತಗೋ."

ಶಾಂಭವಿಯ ನಗು ಅರ್ಧಕ್ಕೆ ನಿಂತಿತು. ಒಳಗೆ ತಿರುಗಿ, "ಶಿವಲಿಂಗವ್ವಾ, ಇದನ್ನ ಇಸ್ಕೋ ಬಾ" ಎಂದು ಕೂಗಿದಳು. ಶಿವಲಿಂಗವ್ವ ಕೈ ಒರೆಸಿಕೊಳ್ಳುತ್ತ ಬಂದಳು, ಬಾಗಿಲಲ್ಲಿ ನಿಂತವಳ ಮುಖ ನೋಡಿದಳು.

"ಒಲಿ ಮ್ಯಾಲೆ ಹಾಲ ಇಟ್ಟೇನ್ರಿ ಬಾಯಾರ" ಎಂದು ಹೊರಳಿ ಹೋದಳು.

ಎದುರಿನ ಫ್ಲ್ಯಾಟಿನವರು ಯಾರೋ ಪೇಪರ್ ತೆಗೆದುಕೊಳ್ಳಲು ಬಾಗಿಲು ತೆರೆದು ಅಲ್ಲೇ ನಿಂತರು. ಶೇವಂತೆವ್ವನ ಕೈ ಚಾಚಿದಂತೆಯೇ ಇತ್ತು. ಕೂಸುಗಳ ಭಾರ ಹೊತ್ತು ಪಳಗಿದ ಕೈ ಅದು. ಶಾಂಭವಿ ಎರಡು ಬೆರಳಿನಿಂದ ದಾರದ ತುದಿ ಹಿಡಿಯಲು ಬಂದಳು. ಶೇವಂತೆವ್ವ ದಾರವನ್ನು ಮುಷ್ಟಿಯೊಳಗೆ ಎಳೆದುಕೊಂಡಳು. ಕೊನೆಗೆ ಶಾಂಭವಿ ಅಂಗೈ ಬಿಚ್ಚಿದಳು. ಶೇವಂತೆವ್ವ ಬಾತುಕೋಳಿಯನ್ನು ಅದರ ಮೇಲಿಟ್ಟು ಒಂದು ಸಲ ಒತ್ತಿದಳು.

ಅಂಗೈಗೆ ತಾಕಿದ ಹಸಿಗೆ ಶಾಂಭವಿಯ ಮುಖ ಹುಳಿ ಹಿಂಡಿದಂತಾಯಿತು.

"ತೊಳದಿಲ್ಲ ಈ ಸಲ" ಎಂದಳು ಶೇವಂತೆವ್ವ. "ನನ್ನ ಮೊಮ್ಮಗಳ ಜೊಲ್ಲ ಐತಿ."

ಉಳಿದೆರಡು ಆಟಿಕೆಗಳನ್ನೂ ಹಾಗೆಯೇ ಕೈಯಲ್ಲಿಟ್ಟು ಹೊರಳಿದಳು. ಮೂರನೆಯ ಮಹಡಿಯಿಂದ ಮುದಿತಾಳ ಅಳು ಮೆಟ್ಟಿಲ ಉದ್ದಕ್ಕೂ ಇಳಿದು ಬರುತ್ತಿತ್ತು, "ಬಾತು, ನನ್ನ ಬಾತು" ಎಂದು. ಶೇವಂತೆವ್ವ ಕಂಬಿ ಹಿಡಿದು ಮೆಟ್ಟಿಲು ಹತ್ತತೊಡಗಿದಳು. ಕೂಸನ್ನು ಸಮಾಧಾನ ಮಾಡಲು ಅವಳ ಕೈಯಲ್ಲಿ ಈಗ ಏನೂ ಇರಲಿಲ್ಲ.